ಹಾಡು ಕೇಳಿದವರು ಕುಣಿಯಲೂ ಬನ್ನಿ

ಮದುವೆ ಮನೆಯಲ್ಲಿ ಡಿಜೆ ಹತ್ತಿರ ಬಂದು ಹಾಡು ಕೇಳುವುದು ತಪ್ಪೇನಲ್ಲ. ಕೇಳಬೇಕು. ಯಾರೂ ಏನೂ ಕೇಳದ ಮದುವೆಯಲ್ಲಿ ನನಗೇ ಬೇಜಾರಾಗುತ್ತದೆ, ಯಾಕಂದ್ರೆ ಎದುರಿಗೆ ಕೂತ ಜನಕ್ಕೆ ಏನು ಇಷ್ಟ ಅಂತ ಲ್ಯಾಪ್‌ಟಾಪ್ ನೋಡಿದರೆ ಗೊತ್ತಾಗುವುದಿಲ್ಲ. ಆದರೆ ಕೇಳುವುದಕ್ಕೂ ಒಂದು ರೀತಿ ಇದೆ. ಅದು ಗೊತ್ತಿಲ್ಲದೆ ಎಷ್ಟೋ ಮದುವೆಗಳಲ್ಲಿ ಒಳ್ಳೊಳ್ಳೆ ಹಾಡುಗಳು ಹಾಳಾಗುತ್ತವೆ, ಒಮ್ಮೊಮ್ಮೆ ಇಡೀ ಸಂಜೆಯೇ ಕೆಡುತ್ತದೆ.

ನಾನು ತೀರ್ಥಹಳ್ಳಿ ಕಡೆಯವನು. ಶಿವಮೊಗ್ಗದ ಕಲ್ಯಾಣ ಮಂಟಪಗಳಿಂದ ಹಿಡಿದು ಹೊಸನಗರ, ಸಾಗರ, ಕೊಪ್ಪದ ಮನೆಯಂಗಳದ ಚಪ್ಪರಗಳವರೆಗೆ ಸೌಂಡ್ ಹಾಕುತ್ತೇನೆ. ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ನಮಗೆ ಕೆಲಸ ಜಾಸ್ತಿಯಾಗುತ್ತದೆ, ಆಮೇಲೆ ಆಷಾಢ ಬರುವವರೆಗೆ ಪುರುಸೊತ್ತಿಲ್ಲ. ಅಷ್ಟರೊಳಗೆ ಇದನ್ನು ಬರೆದುಬಿಡೋಣ ಅನ್ನಿಸಿತು.

ನನ್ನ ಮುಖ್ಯ ಷರತ್ತು ಒಂದೇ. ನೀವು ಹಾಡು ಕೇಳಿದರೆ, ಆ ಹಾಡು ಬಂದಾಗ ನೀವು ಕುಣಿಯಲು ಬರಬೇಕು.

ಇದು ಸಣ್ಣ ವಿಷಯ ಅನ್ನಿಸಬಹುದು. ಆಗುವುದು ಏನು ಅಂತ ಹೇಳುತ್ತೇನೆ ಕೇಳಿ. ಶಿವಮೊಗ್ಗದ ಒಂದು ಆರತಕ್ಷತೆಯಲ್ಲಿ ಮೂವತ್ತು ನಲವತ್ತು ಜನ ಚೆನ್ನಾಗಿ ಕುಣಿಯುತ್ತಿದ್ದರು. ಮದುಮಗಳ ತಂಗಿಯರು, ಅವರ ಕಾಲೇಜು ಸ್ನೇಹಿತೆಯರು, ಪಂಚೆ ಎತ್ತಿ ಕಟ್ಟಿದ ಇಬ್ಬರು ಮಾವಂದಿರು. ಹಿಂದಿನ ಸಾಲಿನಿಂದ ಒಬ್ಬರು ಎದ್ದು ಬಂದು ಒಂದು ಹಳೆಯ ಹಾಡಿನ ಹೆಸರು ಹೇಳಿದರು. ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಎರಡು ಹಾಡು ಬಿಟ್ಟು ಹಾಕಿದೆ. ಅವರು ಎಲ್ಲಿ? ಎರಡನೇ ಪಂಕ್ತಿಗೆ ಊಟಕ್ಕೆ ಕೂತಿದ್ದರು. ಹಾಡು ಶುರುವಾದ ಅರ್ಧ ನಿಮಿಷಕ್ಕೆ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾವಂದಿರು ಪಂಚೆ ಇಳಿಸಿ ನೀರು ಕುಡಿಯಲು ಹೋದರು. ಒಂದು ನಿಮಿಷಕ್ಕೆ ಜಾಗ ಪೂರ್ತಿ ಖಾಲಿ. ಹಾಗೆ ಖಾಲಿಯಾದ ಜಾಗವನ್ನು ಮತ್ತೆ ತುಂಬಿಸಲು ಮೂರು ನಾಲ್ಕು ಹಾಡು ಬೇಕು, ಒಮ್ಮೊಮ್ಮೆ ತುಂಬುವುದೇ ಇಲ್ಲ. ಒಬ್ಬರ ಆಸೆಗೆ ಅಷ್ಟೂ ಜನರ ಉತ್ಸಾಹ ಹೋಯಿತು, ಆ ಒಬ್ಬರು ಹಾಡನ್ನು ಕೇಳಿಸಿಕೊಳ್ಳಲೂ ಇಲ್ಲ.

ಅದೇ ನೀವು ನಾಲ್ಕು ಜನರನ್ನು ಕೈ ಹಿಡಿದು ಎಳೆದುಕೊಂಡು ಬಂದು ಕುಣಿದರೆ ಎಷ್ಟೇ ಹಳೆಯ ಹಾಡಾದರೂ ನಿಲ್ಲುತ್ತದೆ. ಇದು ನಾನು ಪ್ರತಿ ಸೀಸನ್ನಿನಲ್ಲೂ ನೋಡುವ ಸತ್ಯ. ಹಾಡು ಗೆಲ್ಲುವುದು ಸ್ಪೀಕರಿನಿಂದ ಅಲ್ಲವೇ ಅಲ್ಲ, ಮೊದಲು ಎದ್ದು ಬರುವ ನಾಲ್ಕು ಜನರಿಂದ.

ಇನ್ನು ಸಮಯದ ಲೆಕ್ಕ. ಸಂಜೆ ಎಂಟರಿಂದ ಹತ್ತು ಅಂದುಕೊಳ್ಳಿ, ಎರಡು ಗಂಟೆ. ಕುಣಿಯುವ ಹಾಡನ್ನು ನಾವು ಪೂರ್ತಿ ಹಾಕುವುದಿಲ್ಲ, ಎರಡೂವರೆ ಮೂರು ನಿಮಿಷಕ್ಕೆ ಮುಂದಿನದಕ್ಕೆ ಹೋಗುತ್ತೇವೆ. ಅಂದರೆ ನಲವತ್ತು, ಹೆಚ್ಚೆಂದರೆ ನಲವತ್ತೆಂಟು ಹಾಡು. ಅದರಲ್ಲಿ ಮದುಮಕ್ಕಳ ಎಂಟ್ರಿ, ಕೇಕು, ಫೋಟೋ, ಇಬ್ಬರು ಹಿರಿಯರ ಮಾತು, ನಡುವೆ ಒಮ್ಮೆ ಕರೆಂಟ್ ಹೋಗಿ ಜನರೇಟರ್ ಶುರುವಾಗುವವರೆಗಿನ ಕತ್ತಲು, ಇಷ್ಟನ್ನೂ ಕಳೆದರೆ ಇಪ್ಪತ್ತೈದು ಹಾಡು ಉಳಿದರೆ ಜಾಸ್ತಿ. ಮನೆಯವರೇ ಹತ್ತು ಹಾಡು ಮೊದಲೇ ಹೇಳಿರುತ್ತಾರೆ. ಉಳಿದ ಹದಿನೈದಕ್ಕೆ ಇಡೀ ಛತ್ರ ಕಾಯುತ್ತಿರುತ್ತದೆ. ಹಾಗಾಗಿ ಒಬ್ಬರು ಒಂದು ಹಾಡು ಕೇಳಿ. ನಿಮ್ಮದು ಬಂದಾಯಿತು ಅಂದರೆ ಇನ್ನೊಬ್ಬರದು ಬರಲಿ.

ಕೇಳುವ ಹೊತ್ತು ಯಾವುದು ಅನ್ನುವುದು ತುಂಬಾ ಮುಖ್ಯ. ಇದನ್ನು ಡಿಜೆ ಬಂದ ಮೇಲೆ ಹೊಸದಾಗಿ ಕಲಿಯಬೇಕಾಗಿಲ್ಲ. ನಾನು ಚಿಕ್ಕವನಿದ್ದಾಗ ನಮ್ಮೂರ ಮದುವೆಗಳಲ್ಲಿ ಹಿರಿಯರು ವಾಲಗದವರ ಹತ್ತಿರ ಹಾಡು ಕೇಳುವುದನ್ನು ನೋಡಿದ್ದೇನೆ. ನುಡಿಸುತ್ತಿರುವಾಗ ಯಾರೂ ಹೋಗಿ ಬೆನ್ನು ತಟ್ಟುತ್ತಿರಲಿಲ್ಲ. ಅವರು ವಾದ್ಯವನ್ನು ತೊಡೆಯ ಮೇಲಿಟ್ಟು ಎಲೆ ಅಡಿಕೆ ಹಾಕಿಕೊಳ್ಳುವವರೆಗೆ ಕಾದು, ಹತ್ತಿರ ಹೋಗಿ ಬಗ್ಗಿ, ಇಂಥ ದೇವರನಾಮ ಒಂದು ಆಗಲಿ ಅನ್ನುತ್ತಿದ್ದರು. ಅವರು ಹೂಂ ಅಂದರೆ ಬಂದು ಕೂತು ಕೇಳುತ್ತಿದ್ದರು. ಅಷ್ಟು ಮರ್ಯಾದೆ ನಮಗೂ ಸಾಕು.

ನನ್ನ ಕಿವಿಯ ಮೇಲೆ ಹೆಡ್‌ಫೋನ್ ಇದ್ದರೆ ಆಗ ಬರಬೇಡಿ. ನಾನು ಮುಂದಿನ ಹಾಡನ್ನು ಒಳಗೊಳಗೇ ಕೇಳಿ, ಎಲ್ಲಿಂದ ಸೇರಿಸಬೇಕು ಅಂತ ನೋಡುತ್ತಿರುತ್ತೇನೆ. ಹಾಡಿನ ಕೊನೆಯ ಮುಕ್ಕಾಲು ನಿಮಿಷ ಕೈ ಪೂರ್ತಿ ಕಟ್ಟಿಹಾಕಿದಂತೆ ಇರುತ್ತದೆ. ಹೊಸ ಹಾಡು ಶುರುವಾಗಿ ಜನ ಕುಣಿಯಲು ಹತ್ತಿದ ಮೇಲೆ ಒಂದು ನಿಮಿಷ ಬಿಡುವು ಸಿಗುತ್ತದೆ, ಆಗ ಬನ್ನಿ. ಪಕ್ಕದಿಂದ ಬನ್ನಿ, ಹಿಂದಿನಿಂದ ಬೇಡ, ಹಿಂದೆ ವೈರ್‌ಗಳಿರುತ್ತವೆ. ಕೈಯಲ್ಲಿರುವ ಶರಬತ್ತಿನ ಲೋಟವನ್ನು ದಯವಿಟ್ಟು ಮಿಕ್ಸರ್ ಮೇಲೆ ಇಡಬೇಡಿ. ಒಂದು ಲೋಟ ಚೆಲ್ಲಿದರೆ ಅವತ್ತಿನ ಹಾಡೂ ಮುಗಿಯಿತು, ಮುಂದಿನ ಎರಡು ಮದುವೆಯ ದುಡ್ಡು ರಿಪೇರಿಗೆ ಹೋಯಿತು.

ಮತ್ತೆ, ಕಿವಿಯಲ್ಲಿ ಕೂಗಬೇಡಿ. ನಾಲ್ಕು ಬಾಸ್ ಬಾಕ್ಸ್‌ಗಳ ಪಕ್ಕದಲ್ಲಿ ನೀವು ಎಷ್ಟು ಕೂಗಿದರೂ ನನಗೆ ಅರ್ಧ ಕೇಳುತ್ತದೆ. ಅರ್ಧ ಕೇಳಿ ನಾನು ಬೇರೆ ಹಾಡು ಹಾಕಿದರೆ ನಿಮಗೂ ಬೇಜಾರು. ಮೊಬೈಲಿನಲ್ಲಿ ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿ ತೋರಿಸಿ, ಸಾಕು. ಸಿನಿಮಾ ಹೆಸರು ಇದ್ದರೆ ಸಿನಿಮಾ, ಇಲ್ಲದಿದ್ದರೆ ಹೀರೋ ಯಾರು, ಹಾಡಿನ ಮೊದಲ ಸಾಲು ಏನು. "ಅದೇ ಅಣ್ಣಾ, ಮೊನ್ನೆ ರೀಲ್ಸ್‌ನಲ್ಲಿ ಬರ್ತಿತ್ತಲ್ಲ" ಅಂದರೆ ಹುಡುಕಲು ಆಗುವುದಿಲ್ಲ. ರೀಲ್ಸ್‌ನಲ್ಲಿ ಬರುವುದು ಹಾಡಿನ ಒಂದು ಸಣ್ಣ ತುಣುಕು, ಅದೂ ಎಷ್ಟೋ ಸಲ ವೇಗ ಬದಲಿಸಿದ್ದು. ಪೂರ್ತಿ ಹಾಡು ಹಾಕಿದಾಗ ಕೇಳಿದವರಿಗೇ ಗುರುತು ಸಿಗುವುದಿಲ್ಲ.

"ಈಗಲೇ ಹಾಕಿ, ಮುಂದಿನದೇ ನಮ್ದು" ಅನ್ನುವವರಿಗೆ ಸ್ವಲ್ಪ ಒಳಗಿನ ವಿಷಯ ಹೇಳುತ್ತೇನೆ. ಮುಂದಿನ ಹಾಡು ಆಗಲೇ ಲೋಡ್ ಆಗಿರುತ್ತದೆ. ಅದನ್ನು ಆರಿಸಿರುವುದಕ್ಕೆ ಕಾರಣವೂ ಇರುತ್ತದೆ. ನಿಮಿಷಕ್ಕೆ 125 ಬೀಟ್ ಓಡುವ ಹಾಡಿಗೆ ಜನ ಜಿಗಿಯುತ್ತಿರುವಾಗ 80ರ ಆಸುಪಾಸಿನ ಮೆಲೋಡಿ ತಂದು ಇಟ್ಟರೆ ಕಾಲು ತಡವರಿಸುತ್ತದೆ. ತಮಟೆ ಏಟಿನ ಹಾಡುಗಳು ಹೆಚ್ಚಾಗಿ ಆರರ ಲೆಕ್ಕದಲ್ಲಿ, ಅಂದರೆ ಆರು ಎಣಿಕೆಗೆ ಒಂದು ಸುತ್ತಿನಂತೆ ನಡೆಯುತ್ತವೆ, ಕ್ಲಬ್ ರೀಮಿಕ್ಸ್‌ಗಳು ನಾಲ್ಕರ ಲೆಕ್ಕದಲ್ಲಿ. ಇವೆರಡನ್ನು ನೇರವಾಗಿ ಒಂದರ ಮೇಲೊಂದು ಕೂರಿಸಲು ಬರುವುದಿಲ್ಲ, ನಡುವೆ ಒಂದು ಜಾಗ ಬೇಕು. ಅದಕ್ಕೇ ನಾನು ತಮಟೆ ಹಾಡುಗಳನ್ನೆಲ್ಲ ಒಟ್ಟಿಗೆ, ರೀಮಿಕ್ಸ್‌ಗಳನ್ನೆಲ್ಲ ಒಟ್ಟಿಗೆ ಇಡುತ್ತೇನೆ. ನಿಮ್ಮ ಹಾಡು ಯಾವ ಗುಂಪಿಗೆ ಸೇರಿದ್ದೋ ಆ ಗುಂಪು ಬಂದಾಗ ಖಂಡಿತ ಬರುತ್ತದೆ. ನಾಲ್ಕೈದು ಹಾಡು ತಾಳ್ಮೆಯಿಂದ ಕಾಯಿರಿ. ನಡುವೆ ಮತ್ತೆ ಬಂದು ನೆನಪಿಸಬೇಡಿ, ಮಕ್ಕಳನ್ನು ಒಬ್ಬೊಬ್ಬರಾಗಿ ಕಳಿಸಬೇಡಿ. ನಾನು ಬರೆದಿಟ್ಟುಕೊಂಡಿರುತ್ತೇನೆ.

ಭಾವಗೀತೆ ಕೇಳುವವರಿಗೂ ಇದೇ ಮಾತು. ಶಿವಮೊಗ್ಗ ಸುಬ್ಬಣ್ಣ ಅವರಂಥ ಗಾಯಕರ ಊರು ನಮ್ಮದು, ಇಲ್ಲಿ ಮದುವೆಗೆ ಬಂದ ಹತ್ತರಲ್ಲಿ ಇಬ್ಬರು ಭಾವಗೀತೆ ಕೇಳಿಯೇ ಕೇಳುತ್ತಾರೆ. ನನಗೂ ಇಷ್ಟ. ಅದನ್ನು ಆರೂವರೆ ಏಳಕ್ಕೆ, ಜನ ಬಂದು ಮುಯ್ಯಿ ಕೊಟ್ಟು ಮಾತಾಡುತ್ತಾ ಕೂತಿರುವಾಗ ಕೇಳಿ, ಇಲ್ಲ ಊಟದ ಹೊತ್ತಿಗೆ ಕೇಳಿ. ಆಗ ಎಷ್ಟು ಚೆನ್ನಾಗಿ ಒಪ್ಪುತ್ತದೆ ಗೊತ್ತಾ? ಒಂಬತ್ತೂವರೆಗೆ ಕೇಳಿದರೆ ಹಾಡಿಗೇ ಅವಮಾನ.

ಅಪ್ಪು ಹಾಡನ್ನು ಮಾತ್ರ ಕೇಳಬೇಕಾಗಿಯೇ ಇಲ್ಲ. ಪುನೀತ್ ರಾಜ್‌ಕುಮಾರ್ ಹೋದ 2021ರ ಅಕ್ಟೋಬರ್‌ನಿಂದ ಈಚೆಗೆ ನಾನು ಹಾಕಿದ ಯಾವ ಮದುವೆಯೂ ಅವರ ಒಂದು ಹಾಡಿಲ್ಲದೆ ಮುಗಿದಿಲ್ಲ. ಅದು ಬರುತ್ತದೆ, ನಿಶ್ಚಿಂತೆಯಿಂದಿರಿ.

ಈಗ ಮೊಬೈಲ್ ವಿಷಯ. "ನನ್ನ ಫೋನಲ್ಲಿದೆ, ಇದಕ್ಕೇ ವೈರ್ ಚುಚ್ಚಿ" ಅಂತ ಫೋನ್ ಕೊಡುತ್ತಾರೆ. ಮಲೆನಾಡಿನ ಎಷ್ಟೋ ಊರುಗಳಲ್ಲಿ ಚಪ್ಪರದ ಕೆಳಗೆ ಒಂದು ಕಡ್ಡಿ ಸಿಗ್ನಲ್ ಬಂದರೆ ಪುಣ್ಯ. ಯೂಟ್ಯೂಬ್ ತಿರುಗುತ್ತಾ ನಿಲ್ಲುತ್ತದೆ, ಇಲ್ಲ ನಡುವೆ ಜಾಹೀರಾತು ಬಂದು ಐನೂರು ಜನಕ್ಕೆ ಜೋರಾಗಿ ಕೇಳುತ್ತದೆ. ಹಾಡಿನ ಮಧ್ಯೆ ಫೋನ್ ಬಂದರೆ ರಿಂಗ್‌ಟೋನ್ ಕೂಡ ಬಾಸ್ ಬಾಕ್ಸ್‌ನಲ್ಲೇ ಬರುತ್ತದೆ. ವಾಟ್ಸಾಪ್‌ನಲ್ಲಿ ಕೈಯಿಂದ ಕೈಗೆ ತಿರುಗಿದ ವಿಡಿಯೋದ ಹಾಡು ಮೊಬೈಲಿನಲ್ಲಿ ಚೆನ್ನಾಗೇ ಕೇಳಿದರೂ ದೊಡ್ಡ ಸ್ಪೀಕರಿನಲ್ಲಿ ಒಡೆದ ಹಾಗೆ ಕೇಳುತ್ತದೆ, ಯಾಕಂದ್ರೆ ಕಳಿಸುವಾಗ ಅದನ್ನು ಹಿಂಡಿ ಸಣ್ಣದು ಮಾಡಿರುತ್ತದೆ. ನಾನು ಎಲ್ಲವನ್ನೂ ಹಾರ್ಡ್‌ಡಿಸ್ಕ್‌ನಲ್ಲಿ, ಆದಷ್ಟು 320 ಕೆಬಿಪಿಎಸ್, ಅಂದರೆ ಕಮ್ಮಿ ಹಿಂಡಿದ ಫೈಲ್ ಆಗಿ ಇಟ್ಟುಕೊಂಡಿರುವುದು ಇದಕ್ಕೇ.

ಹಾಗಾಗಿ ಅಪರೂಪದ ಹಾಡು ಬೇಕಿದ್ದರೆ ಮದುವೆಗೆ ಮೂರು ನಾಲ್ಕು ದಿನ ಮುಂಚೆ ಹೇಳಿ. ನಮ್ಮ ಕಡೆಯ ಮದುವೆ ಅಂದರೆ ಒಂದೇ ಭಾಷೆಯ ಮದುವೆ ಅಲ್ಲ. ಕೊಪ್ಪದ ಕಡೆ ಹೋದರೆ ತುಳು ಹಾಡು ಬೇಕು, ಶಿಕಾರಿಪುರದ ಕಡೆ ತಾಂಡಾದ ಮದುವೆಗೆ ಲಂಬಾಣಿ ಹಾಡು ಬೇಕೇ ಬೇಕು, ಭದ್ರಾವತಿಯಲ್ಲಿ ತಮಿಳು ತೆಲುಗು ಎರಡನ್ನೂ ಕೇಳುತ್ತಾರೆ, ಕೊಂಕಣಿಯವರು ಅವರದ್ದನ್ನು ಕೇಳುತ್ತಾರೆ. ಕೇಳಲಿ. ಅವರ ಮನೆಯ ಮದುವೆ, ಅವರ ಮಾತಿನ ಹಾಡು ಬರದಿದ್ದರೆ ಅಜ್ಜ ಅಜ್ಜಿಯರು ಎದ್ದು ಬರುವುದು ಹೇಗೆ? ಮೊದಲೇ ಹೇಳಿದರೆ ನಾನು ಹುಡುಕಿ, ಒಳ್ಳೆಯ ಫೈಲ್ ತರಿಸಿ, ಒಮ್ಮೆ ಸ್ಪೀಕರಿನಲ್ಲಿ ಹಾಕಿ ನೋಡಿ ಇಟ್ಟುಕೊಂಡಿರುತ್ತೇನೆ.

ಹೊಸನಗರದ ಕಡೆ ಒಂದು ಮನೆ ಮದುವೆ. ಅಂಗಳಕ್ಕೆ ಅಡಿಕೆ ಸೋಗೆಯ ಚಪ್ಪರ, ಹೊರಗೆ ಸಣ್ಣ ಮಳೆ. ಹುಡುಗರು ಕುಣಿದು ಸುಸ್ತಾಗಿ ಒಂದು ಗಳಿಗೆ ನಿಂತಿದ್ದರು. ಆಗ ಜಗಲಿಯಿಂದ ಒಬ್ಬ ಅಜ್ಜಿ ಮೊಮ್ಮಗಳ ಭುಜ ಹಿಡಿದುಕೊಂಡು ನಿಧಾನಕ್ಕೆ ಬಂದರು. "ತಮ್ಮಾ, ನಿನ್ನ ಪೆಟ್ಟಿಗೇಲಿ ನಮ್ ಕಾಲದ್ದು ಎಂತಾದ್ರೂ ಉಂಟಾ?" ಅಂತ ಕೇಳಿದರು.

"ಎಂತ ಬೇಕು ಹೇಳಿ ಅಜ್ಜಿ" ಅಂದೆ.

"ಹಸೆಗೆ ಕರೆಯೋ ಹಾಡು."

ನನ್ನ ಹಾರ್ಡ್‌ಡಿಸ್ಕ್‌ನಲ್ಲಿ ಅದು ಇರಲಿಲ್ಲ, ಅಂಗಡಿಯಲ್ಲಿ ಸಿಗುವ ಹಾಡೂ ಅಲ್ಲ ಅದು, ಒಂದೊಂದು ಮನೆಯಲ್ಲಿ ಒಂದೊಂದು ರೀತಿ ಹಾಡುತ್ತಾರೆ. ಸೌಂಡ್ ಇಳಿಸಿ ಕಾರ್ಡ್‌ಲೆಸ್ ಮೈಕ್ ಅವರ ಕೈಗೆ ಕೊಟ್ಟೆ. ಅಜ್ಜಿ ಮೈಕನ್ನು ಎದೆಯ ಹತ್ತಿರ ಹಿಡಿದಿದ್ದರು, ಸೊಸೆ ಬಂದು ಮೆಲ್ಲಗೆ ಬಾಯಿಯ ಹತ್ತಿರ ಸರಿಸಿದರು. ಮೊದಲ ಸಾಲು ಒಬ್ಬರೇ, ಎರಡನೇ ಸಾಲಿಗೆ ಜಗಲಿಯಲ್ಲಿ ಕೂತಿದ್ದ ನಾಲ್ಕು ಜನ ಹೆಂಗಸರು ಕೂತಲ್ಲಿಂದಲೇ ಸೇರಿಕೊಂಡರು. ಹುಡುಗರೆಲ್ಲ ಅಂಗಳದಲ್ಲೇ ಕೂತು ಕೇಳಿದರು. ಐದಾರು ನಿಮಿಷ ಅಷ್ಟೇ. ಮುಗಿದ ಮೇಲೆ ಅಜ್ಜಿಯೇ ಮೈಕ್ ವಾಪಸು ಕೊಟ್ಟು "ಇನ್ನು ನಿಂದು ಹಾಕು, ಹುಡುಗ್ರು ಕಾಯ್ತಾ ಇದಾರೆ" ಅಂದರು. ಮುಂದಿನ ಹಾಡಿಗೆ ಅಲ್ಲೇ ನಿಂತು ಚಪ್ಪಾಳೆ ಹೊಡೆದರು.

ನಾನು ನೋಡಿದ ರಿಕ್ವೆಸ್ಟ್‌ಗಳಲ್ಲಿ ಇದರಷ್ಟು ಚೆಂದದ್ದು ಇನ್ನೊಂದಿಲ್ಲ. ಬಿಡುವು ನೋಡಿ ಬಂದರು, ಏನು ಬೇಕು ಅಂತ ಒಂದೇ ಮಾತಿನಲ್ಲಿ ಹೇಳಿದರು, ತಮ್ಮ ಪಾಲು ಮುಗಿದ ಕೂಡಲೇ ಜಾಗ ಬಿಟ್ಟುಕೊಟ್ಟರು. ಅವತ್ತಿನಿಂದ ಮನೆ ಮದುವೆಗೆ ಹೋದರೆ ಹಾಡುವ ಹಿರಿಯರು ಇದ್ದಾರಾ ಅಂತ ನಾನೇ ಕೇಳುತ್ತೇನೆ. ಸೋಬಾನೆ, ಅಂದರೆ ಇಂಥ ಮದುವೆ ಹಾಡು ಬಲ್ಲವರು ಇರುವ ಮನೆಗಳು ಕಮ್ಮಿಯಾಗುತ್ತಿವೆ. ಇದ್ದರೆ ಅವರಿಗೆ ಮೈಕ್ ಕೊಡಿಸಿ ಅಂತ ಮದುವೆ ಮನೆಯವರಿಗೆ ನನ್ನ ಕಡೆಯಿಂದಲೇ ಒಂದು ರಿಕ್ವೆಸ್ಟ್.

ಮಕ್ಕಳ ಹಾಡನ್ನು ನಾನು ಮೊದಲೇ ಹಾಕಿಬಿಡುತ್ತೇನೆ. ಏಳೂವರೆಗೆ ಯಾರೂ ಕುಣಿಯಲು ಬಾರದಿದ್ದಾಗ ಬರುವವರು ಅವರೇ, ಎಂಟೂವರೆಗೆ ಅವರಿಗೆ ನಿದ್ದೆ.

ಇನ್ನು ದುಡ್ಡು. ಬೀಗರ ಊಟದ ದಿನ ಇದು ಜಾಸ್ತಿ. ಐನೂರರ ನೋಟು ಮಡಚಿ ಜೇಬಿಗೆ ತುರುಕಲು ಬರುತ್ತಾರೆ. ನಾನು ತೆಗೆದುಕೊಳ್ಳುವುದಿಲ್ಲ, ನಮ್ಮ ಹುಡುಗರಿಗೂ ತೆಗೆದುಕೊಳ್ಳಬೇಡಿ ಅಂತ ಹೇಳಿದ್ದೇನೆ. ಒಬ್ಬರ ದುಡ್ಡು ಹಿಡಿದರೆ ಆ ಸಂಜೆ ಅವರದ್ದಾಗುತ್ತದೆ. ಕರೆಸಿದವರು ಮನೆಯವರು, ಅವರು ಆಗಲೇ ಕೊಟ್ಟಿದ್ದಾರೆ. ಕುಡಿದು ಬಂದು ಮೈಕ್ ಕಿತ್ತುಕೊಳ್ಳುವವರು, ನನ್ನ ಲ್ಯಾಪ್‌ಟಾಪ್ ಕೀ ಒತ್ತಲು ಕೈ ಹಾಕುವವರೂ ಇದ್ದಾರೆ. ಅಂಥವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ, ಮದುಮಗನ ಅಣ್ಣನನ್ನೋ ಭಾವನನ್ನೋ ಕರೆಯುತ್ತೇನೆ. ಅವರವರ ನೆಂಟರನ್ನು ಅವರೇ ಸಮಾಧಾನ ಮಾಡಿ ಕರೆದುಕೊಂಡು ಹೋಗುವುದು ಒಳ್ಳೆಯದು.

ಕೆಲವು ಹಾಡುಗಳನ್ನು ಯಾರು ಕೇಳಿದರೂ ಹಾಕುವುದಿಲ್ಲ. ಜಾತಿ ಹೆಸರು ಹೇಳಿ ಮೆರೆಸುವ ಹಾಡು, ಪಕ್ಷದ ಹಾಡು. ಒಬ್ಬ ಹೀರೋನ ಅಭಿಮಾನಿಗಳು ಇನ್ನೊಬ್ಬ ಹೀರೋನ ಅಭಿಮಾನಿಗಳನ್ನು ಕೆಣಕಲು ಕೇಳುವ ಹಾಡು. ಇದರಿಂದ ಚಪ್ಪರದಲ್ಲಿ ಕುರ್ಚಿ ಎತ್ತಿದ್ದನ್ನು ನಾನೇ ನೋಡಿದ್ದೇನೆ. ಎರಡರ್ಥದ ಹಾಡು ಸ್ನೇಹಿತರ ಕೂಟದಲ್ಲಿ ನಡೆಯಬಹುದು, ತಾತ ಎದುರಿಗೆ ಕೂತಿರುವಾಗ ನಡೆಯುವುದಿಲ್ಲ.

ಎಲ್ಲಕ್ಕಿಂತ ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. ಮದುಮಗಳ ಹಳೆಯ ಕ್ಲಾಸ್‌ಮೇಟ್‌ಗಳು ಬಂದು ನಗುತ್ತಾ ಒಂದು ಪ್ಯಾಥೋ ಸಾಂಗ್ ಕೇಳುತ್ತಾರೆ. ಮೋಸ ಮಾಡಿದ ಹುಡುಗಿ, ಮರೆತು ಹೋದ ಹುಡುಗಿ, ಅಂಥದ್ದು. ಅವರಿಗೆ ಅದು ತಮಾಷೆ. ವೇದಿಕೆಯ ಮೇಲೆ ಗಂಡನ ಮನೆಯವರ ಮಧ್ಯೆ ನಿಂತಿರುವ ಆ ಹುಡುಗಿಗೆ ಅದು ತಮಾಷೆಯಲ್ಲ. ಅವಳು ಅವತ್ತು ಎದುರು ಮಾತಾಡುವ ಹಾಗಿಲ್ಲ, ಎದ್ದು ಹೋಗುವ ಹಾಗೂ ಇಲ್ಲ. ಅವಳ ಮುಖ ಬಾಡಿಸುವ ಹಾಡು ನನ್ನ ಸ್ಪೀಕರಿನಲ್ಲಿ ಬರುವುದಿಲ್ಲ. ಎಷ್ಟು ಬೇಡಿಕೊಂಡರೂ ಬರುವುದಿಲ್ಲ. ಅಂಥ ಯೋಚನೆ ಇದ್ದರೆ ದಯವಿಟ್ಟು ಕೌಂಟರಿನ ಹತ್ತಿರವೂ ಬರಬೇಡಿ.

ಮುಹೂರ್ತದ ಹೊತ್ತಿಗೆ ಡಿಜೆ ಸುಮ್ನೆ ಇರಬೇಕು. ಗಟ್ಟಿಮೇಳ ವಾಲಗದವರದ್ದು. ಧಾರೆಗೆ ಸಿನಿಮಾ ಹಾಡು ಹಾಕಿ ಅಂತ ಕೇಳಿದರೆ ನಾನು ಪುರೋಹಿತರನ್ನೂ ಹಿರಿಯರನ್ನೂ ತೋರಿಸುತ್ತೇನೆ, ಅವರು ಒಪ್ಪಿದರೆ ಮಾತ್ರ.

ಕೊನೆಗೆ ಹತ್ತು ಗಂಟೆಯ ಜಗಳ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸುಪ್ರೀಂ ಕೋರ್ಟ್ ಕೂಡ 2005ರಲ್ಲಿ ಇದನ್ನು ಎತ್ತಿಹಿಡಿದಿದೆ. ಬಾಗಿಲು ಮುಚ್ಚಿದ ಛತ್ರದ ಒಳಗೆ, ಒಳಗಿನವರಿಗೆ ಮಾತ್ರ ಕೇಳುವ ಹಾಗೆ ಹಾಕಬಹುದು. ಮನೆಯಂಗಳದ ಚಪ್ಪರಕ್ಕೆ ಆ ವಿನಾಯಿತಿ ಇಲ್ಲ. "ಹಬ್ಬಕ್ಕೆ ಹನ್ನೆರಡರ ತನಕ ಬಿಡ್ತಾರಲ್ಲ ಮಾರಾಯಾ" ಅಂತ ವಾದ ಮಾಡುತ್ತಾರೆ. ಅದು ಸರ್ಕಾರ ಮೊದಲೇ ಹೇಳಿದ ಧಾರ್ಮಿಕ, ಸಾಂಸ್ಕೃತಿಕ ಹಬ್ಬಗಳಿಗೆ, ವರ್ಷಕ್ಕೆ 15 ದಿನ ಮೀರದ ಹಾಗೆ. ನಿಮ್ಮ ಮನೆ ಮದುವೆಗೆ ಅನ್ವಯಿಸುವುದಿಲ್ಲ. ಮನೆಗಳಿರುವ ಜಾಗಕ್ಕೆ ರಾತ್ರಿಯ ಮಿತಿ 45 ಡೆಸಿಬಲ್. ಇಬ್ಬರು ಮಾಮೂಲಿಯಾಗಿ ಮಾತಾಡಿದರೇ 60ರ ಹತ್ತಿರ ಹೋಗುತ್ತದೆ, ಅಂದಮೇಲೆ ಬಾಸ್ ಬಾಕ್ಸ್ ಎಲ್ಲಿ? ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ಅಲ್ಲಿ ಇನ್ನೂ ಬಿಗಿ.

ಕಾನೂನು ಇರಲಿ, ನಮ್ಮ ಕಡೆಯ ಊರುಗಳನ್ನೇ ನೋಡಿ. ರಾತ್ರಿ ಗದ್ದೆ ಬಯಲಿನ ಮೇಲೆ ಬಾಸ್ ಎಷ್ಟು ದೂರ ಹೋಗುತ್ತದೆ ಅಂತ ಹಾಕಿದವರಿಗೇ ಗೊತ್ತಾಗುವುದಿಲ್ಲ. ಆಚೆ ದಿಬ್ಬದ ಮನೆಯಲ್ಲಿ ಪರೀಕ್ಷೆಗೆ ಓದುವ ಮಗು ಇರುತ್ತದೆ, ಹಾಸಿಗೆ ಹಿಡಿದ ಅಜ್ಜ ಇರುತ್ತಾರೆ. ಮದುವೆಗೆ ಅವರನ್ನೂ ಕರೆದಿರುತ್ತೀರಿ ಅಲ್ವಾ? ಒಂಬತ್ತು ಐವತ್ತೈದಕ್ಕೆ ಹತ್ತು ಜನ ಒಟ್ಟಿಗೆ ಬಂದು "ಲಾಸ್ಟ್ ಒಂದೇ ಒಂದು" ಅಂದರೆ ನಾನು ಕೈ ಮುಗಿಯುತ್ತೇನೆ, ಅಷ್ಟೇ. ಬೇಕಾದ್ದನ್ನು ಒಂಬತ್ತೂಕಾಲಿನ ಒಳಗೆ ಹೇಳಿಬಿಡಿ. ಹತ್ತಾದ ಮೇಲೆ ಜಗಲಿಯಲ್ಲಿ ಕೂತು ಅಂತ್ಯಾಕ್ಷರಿ ಆಡಿ, ಬೆಳಗಿನವರೆಗೂ ಆಡಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ನಮ್ಮ ಹುಡುಗರು ವೈರ್ ಸುತ್ತುತ್ತಿರುತ್ತಾರೆ, ಸ್ವಲ್ಪ ದಾರಿ ಬಿಡಿ.

ಈ ಸಲ ನನ್ನನ್ನು ಕರೆಯುವ ಮನೆಯವರು ಮೂರು ವಿಷಯ ಮೊದಲೇ ತಿಳಿಸಿ. ಬೇಕೇ ಬೇಕಾದ ಹಾಡು, ಹತ್ತಕ್ಕಿಂತ ಜಾಸ್ತಿ ಬೇಡ. ಬೇಡವೇ ಬೇಡ ಅನ್ನುವ ಹಾಡು, ಎಷ್ಟಿದ್ದರೂ ಸರಿ, ಕಾರಣ ನಾನು ಕೇಳುವುದಿಲ್ಲ. ಮತ್ತೆ ಅವತ್ತು ಹೌದು ಅಲ್ಲ ಅಂತ ಹೇಳಬಲ್ಲ ಒಬ್ಬರ ಹೆಸರು, ನೆಂಟರೆಲ್ಲ ಮಾತು ಕೇಳುವಂಥವರು. ಕೊನೆಯ ಹಾಡು ಯಾವುದು ಅಂತ ಮದುಮಕ್ಕಳೇ ಕೂತು ಮಾತಾಡಿ ಹೇಳಲಿ. ಅದೊಂದು ಹಾಡಿಗೆ ಬೇರೆ ಯಾರ ರಿಕ್ವೆಸ್ಟನ್ನೂ ನಾನು ತೆಗೆದುಕೊಳ್ಳುವುದಿಲ್ಲ.